ಉದ್ರಿ ಪುಸ್ತಕ ನಮ್ಮ ಕಿಸೇದಾಗ, ಸಾವಕಾರ ಮುಂಬೈದಾಗ

ಬಾಗಲಕೋಟಿ ನವನಗರದಾಗ ನಮ್ಮ ಸೆಕ್ಟರಿನ ಮಂದಿ ತಿಂಗಳಿಗೊಮ್ಮೆ ರವಿವಾರ ಸಂಜೀಕ ಕೂಡತೀವಿ, ಯಾರರೆ ಒಬ್ರು ತಮಗ ಗೊತ್ತಿದ್ದ ವಿಷಯದ ಮ್ಯಾಲ ಮಾತಾಡೂದು, ಆಮ್ಯಾಲ ಚಾ ಚೂಡಾ, ಮನಿಗೆ ಹೋಗೂದು. ಈ ಸಲ ಪಾಳಿ ನಂದು, ವಿಷಯ ಕ್ರೆಡಿಟ್ ಕಾರ್ಡು. ನಾನು ಅಂಗಡಿಕಾರರ ಜಿಎಸ್‌ಟಿ ರಿಟರ್ನ್ ತುಂಬೂ ದಗದದಾಂವ, ಭಾಷಣ ಮಾಡಾಂವ ಅಲ್ಲ. ಅವತ್ತ ಬರಾಕ ಆಗದವ್ರು "ಬರದಾದ್ರೂ ಕಳಸ್ರಿ" ಅಂತ ಗಂಟಬಿದ್ರು, ಅದಕ್ಕ ಮಾತಾಡಿದ್ದನ್ನ ಮಾತಾಡಿದಂಗ ಇಲ್ಲಿ ಹಾಕೇನಿ.

ಎಲ್ಲಾರಿಗೂ ಶರಣ್ರಿ. ಮೊದಲ ಒಂದ ಕೆಲಸ ಮಾಡೂಣು, ಕ್ರೆಡಿಟ್ ಕಾರ್ಡ್ ಇದ್ದವ್ರು ಕೈ ಎತ್ರಿ ನೋಡೂಣು. ಹನ್ನೊಂದ ಕೈ. ಈಗ ನಿಮ್ಮ ಕಾರ್ಡಿಗೆ ವರ್ಷಕ್ಕ ಎಷ್ಟ ಫೀ ಐತಿ ಅಂತ ಗೊತ್ತಿದ್ದವ್ರಷ್ಟ ಕೈ ಇಟ್ಕೋರಿ, ಉಳದವ್ರು ಇಳಸ್ರಿ. ಮೂರ ಉಳದ್ವು ನೋಡ್ರಿ. ಅದ್ರಾಗ ಹಿಂದ ಕುಂತ ಮುಧೋಳ ಕಡೆ ಕಾಕಾ ಒಬ್ರು ಭಾಳ ಧೈರ್ಯಲೆ ಕೈ ಎತ್ತಿ ಕುಂತಾರ, "ನಂದು ಕಿಸಾನ್ ಕ್ರೆಡಿಟ್ ಕಾರ್ಡ್ ಐತ್ರಿ" ಅಂತ. ನಗಬ್ಯಾಡ್ರಿ, ಕಾಕಾನ ಕಾರ್ಡಿನ ವಿಷಯಕ್ಕ ಕಡೀಕ ಬರೂಣು.

ಈ ಕ್ರೆಡಿಟ್ ಕಾರ್ಡ್ ನಮಗೇನ ಹೊಸಾದಲ್ಲ. ನಮ್ಮಪ್ಪ ಕಿರಾಣಿ ಅಂಗಡ್ಯಾಗ ಉದ್ರಿ ಬರಸತಿದ್ದ, ಕೆಂಪ ಬಟ್ಟಿ ಸುತ್ತಿದ ಉದ್ದನ ಪುಸ್ತಕ, ಅದ್ರಾಗ ನಮ್ಮನಿಗೊಂದ ಪಾನ. ಕಬ್ಬಿನ ಬಿಲ್ ಬಂದಾಗ ಚುಕ್ತಾ. ದೀಪಾವಳಿಗೆ ಸಾವಕಾರ್ರು ಲೆಕ್ಕ ಸರಿ ಇಟ್ಟವ್ರಿಗೆ ಒಂದ ಕ್ಯಾಲೆಂಡರು, ಒಂದ ಸಣ್ಣ ಬೆಲ್ಲದ ಪೆಂಟಿ ಕೊಡ್ತಿದ್ರು. ಈಗಿನ ಭಾಷಾದಾಗ ಅದ ರಿವಾರ್ಡ್ ಪಾಯಿಂಟು. ನಮ್ಮವ್ವ ಆ ಪೆಂಟಿ ನೋಡಿ ಭಾಳ ಖುಷಿ ಆಗಾಕಿ, ನಮ್ಮಪ್ಪ ಮಾತ್ರ "ಬೆಲ್ಲ ನಮ್ಮ ರೊಕ್ಕದ್ದ ಐತಿ, ಪುಡಿಕಿ ಕಟ್ಟಿದ್ದಷ್ಟ ಅವ್ರದು" ಅಂತಿದ್ದ. ಅಂವ ನಾಕನೇ ಈಯತ್ತೆ ಕಲತಾಂವ, ಆದ್ರ ಇವತ್ತ ನಾ ಹೇಳೂದ್ರಾಗಿನ ಅರ್ಧ ಅಂವಗ ಆಗ ಗೊತ್ತಿತ್ತು.

ಯಾಕಂದ್ರ ನೋಡ್ರಿ, ಕಾರ್ಡ್ ಉಜ್ಜಿದಾಗ ಅಂಗಡಿಕಾರಗ ಪೂರ್ತಿ ರೊಕ್ಕ ಮುಟ್ಟೂದಿಲ್ಲ. ಸುಮಾರ ಒಂದೂವರಿಯಿಂದ ಎರಡ ಪರ್ಸೆಂಟ್ ಎಮ್‌ಡಿಆರ್ ಅಂತ ಮುರಕೋತಾರ, ಅದ್ರಾಗಿನ ದೊಡ್ಡ ಪಾಲು ನಿಮಗ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗ್ತೈತಿ, ಆ ಬ್ಯಾಂಕು ಅದ್ರಾಗ ಒಂದ ಪರ್ಸೆಂಟ್ ತಗದು ನಿಮಗ ಕ್ಯಾಶ್‌ಬ್ಯಾಕ್ ಅಂತ ಕೊಟ್ಟು ಕೈಕುಲುಕ್ತೈತಿ. ಇನ್ನೊಂದ ಗಂಟು ಬರೂದು ಬಿಲ್ ಪೂರ್ತಿ ಕಟ್ಟದವ್ರ ಬಡ್ಡಿಯಿಂದ. ಅಂದ್ರ ಪೂರ್ತಿ ಕಟ್ಟವ್ರ ಬೆಲ್ಲಕ್ಕ ಕಟ್ಟದವ್ರು ರೊಕ್ಕ ಕೊಡ್ತಾರ.

ಹೋದ ವರ್ಷ ನಮ್ಮ ತಂಗಿ ಮಗಳ ಮದುವಿ, ಸೀರಿ ತರಾಕ ಇಳಕಲ್ಲಿಗೆ ಹೋಗಿದ್ವಿ. ಟೋಪ ತೆನಿ ಸೆರಗಿಂದು, ಗೋಮಿ ದಡಿ, ಭಾಳ ಛಲೋ ಸೀರಿ, ಎರಡ ಸೀರಿಗೆ ಚೌಕಾಸಿ ಮಾಡಿ 15 ಸಾವಿರಕ್ಕ ತಂದ್ವಿ. ನಾ ಭಾಳ ಶಾಣ್ಯಾ ಆಗಿ ಕಾರ್ಡ್ ತಗದೆ. ಅಂಗಡ್ಯಾಂವ ಮಾರಿ ಸಣ್ಣದ ಮಾಡಿ, "ಸರ, ಕಾರ್ಡ್ ಆದ್ರ ಎರಡ ಪರ್ಸೆಂಟ್ ಮ್ಯಾಲ ಆಕ್ಕೈತ್ರಿ, ಫೋನ್‌ದಾಗ ಹೊಡದ್ರ ಇಷ್ಟ, ಕ್ಯಾಶ್ ಕೊಟ್ರ ಇನ್ನೂ 200 ಬಿಡ್ತೇನಿ" ಅಂದ. ಲೆಕ್ಕ ಹಾಕ್ರಿ. ಕಾರ್ಡಿಗೆ ಅಂವ ಕೇಳೂದು 300, ನನಗ ಒಂದ ಪರ್ಸೆಂಟ್ ಲೆಕ್ಕದಾಗ ಬರೂದು 150. ಕ್ಯಾಶ್ ಕೊಟ್ರ ಉಳಿಯೂದು 200. ಕಾರ್ಡ್ ಉಜ್ಜಿದ್ರ ಕ್ಯಾಶಿಗಿಂತ 350 ರೂಪಾಯಿ ಹೆಚ್ಚ ಕೊಟ್ಟಂಗ, ಆದ್ರ ಮನಿಗೆ ಬಂದ ಮ್ಯಾಲ ಮೊಬೈಲ್‌ದಾಗ "ನಿಮಗ 150 ಪಾಯಿಂಟ್ ಬಂದಾವ" ಅಂತ ಮೆಸೇಜ್ ನೋಡಿ ನಾನೂ ನಮ್ಮವ್ವನಂಗ ಖುಷಿ ಆಗಿರತಿದ್ದೆ. ನಮ್ಮ ಮನ್ಯಾಕಿ ಪಕ್ಕದಾಗ ನಿಂತು ಸೀರಿ ಘಳಗಿ ನೋಡ್ಕೋತನ "ಕ್ಯಾಶ್ ಕೊಡ್ರಿ ಸುಮ್ಮ" ಅಂದ್ಲು, ಆಕಿ ಯಾವ ಲೆಕ್ಕಾನೂ ಹಾಕಿರಲಿಲ್ಲ.

ರಿವಾರ್ಡ್ ಹೇಳೂಕಿಂತ ಮೊದಲ ಬಡ್ಡಿ ಹೇಳ್ಬೇಕು, ಇಲ್ಲಾಂದ್ರ ಉಳದ ಮಾತೆಲ್ಲಾ ದಂಡ. ನಮ್ಮ ಹಳ್ಳ್ಯಾಗ ಕೈಗಡಾ ತಗೊಂಡ್ರ ಬಡ್ಡಿ ಹೆಂಗ ಹೇಳ್ತಾರ? ನೂರಕ್ಕ ಎರಡು, ನೂರಕ್ಕ ಮೂರು, ತಿಂಗಳಿಗೆ. ನೂರಕ್ಕ ಮೂರು ಅಂದ್ರ "ಅಯ್ಯ, ಅಂವ ರಕ್ತಾ ಹೀರ್ತಾನ" ಅಂತೀವಿ. ನಮ್ಮ ದೊಡ್ಡ ದೊಡ್ಡ ಬ್ಯಾಂಕಿನ ಕಾರ್ಡಿನ ಬಡ್ಡಿ ತಿಂಗಳಿಗೆ ನೂರಕ್ಕ ಮೂರೂವರಿ, ಮೂರೂ ಮುಕ್ಕಾಲು ಐತಿ, ವರ್ಷಕ್ಕ 42ರಿಂದ 45 ಪರ್ಸೆಂಟ್, ಮ್ಯಾಲ ಆ ಬಡ್ಡಿಗೂ 18 ಪರ್ಸೆಂಟ್ ಜಿಎಸ್‌ಟಿ. 20 ಸಾವಿರದ ಬಿಲ್ ಬಂತು, ಅದ್ರಾಗ ದಪ್ಪ ಅಕ್ಷರದಾಗ "ಮಿನಿಮಮ್ ಡ್ಯೂ 1,000", ಅಂದ್ರ ಕಮ್ಮೀತ ಕಮ್ಮಿ ಇಷ್ಟ ಕಟ್ರಿ, ಅಂತ ಬರದಿರ್ತಾರ, ನೀವು ಸಾವಿರ ಕಟ್ಟಿ ಸುಮ್ಮ ಕುಂತ್ರಿ ಅನ್ಕೋರಿ. ಉಳದ 19 ಸಾವಿರಕ್ಕ ಮೂರೂವರಿಲೆ ಒಂದ ತಿಂಗಳಿಗೆ 665, ಜಿಎಸ್‌ಟಿ 120, ಒಟ್ಟ 785. ಇದು ಕಮ್ಮಿ ಹಿಡದ ಲೆಕ್ಕ, ಖರೇ ಅಂದ್ರ ಅವ್ರು ಬಡ್ಡಿ ಎಣಸೂದು ನೀವು ಖರೀದಿ ಮಾಡಿದ ದಿನದಿಂದ. ಅದೂ ಅಲ್ಲದ ಹಳೇದ ಬಾಕಿ ಇರೂತನಾ ಹೊಸಾ ಖರೀದಿಗೂ ಬಡ್ಡಿ ಇಲ್ಲದ ದಿನ ಅನ್ನೂದು ಸಿಗೂದಿಲ್ಲ, ಇವತ್ತ ತಂದ ಸಾಬಾನಿಗೂ ಇವತ್ತಿಂದ ಬಡ್ಡಿ. ಆ 20 ಸಾವಿರಕ್ಕ ನಿಮಗ ಬಂದ ರಿವಾರ್ಡ್ ಎಷ್ಟು, ಒಂದ ಪರ್ಸೆಂಟ್, 200. ಇನ್ನ ಎಟಿಎಮ್‌ದಾಗ ಕ್ರೆಡಿಟ್ ಕಾರ್ಡ್ ಹಾಕಿ ರೊಕ್ಕ ತಗಿಯೂದಂತೂ ಬ್ಯಾಡೇ ಬ್ಯಾಡ, ಅದಕ್ಕ ಮೊದಲ ದಿನದಿಂದ ಬಡ್ಡಿ, ಮ್ಯಾಲ ತಗದದ್ದಕ್ಕ ಬ್ಯಾರೆ ಫೀ.

ಅದಕ್ಕ ತಿಂಗಳಾ ಪೂರ್ತಿ ಬಿಲ್ ಕಟ್ಟೂದು ಆಗೂದಿಲ್ಲ ಅನ್ನವ್ರು ಇನ್ನ ಮುಂದಿಂದ ಕೇಳಬ್ಯಾಡ್ರಿ, ಚಾ ಆಗ್ಯಾವೇನು ನೋಡ್ಕೊಂಡ ಬರ್ರಿ. ಪೂರ್ತಿ ಕಟ್ಟವ್ರಿಗೆ ಮಾತ್ರ, ಯಾವ ಕಾರ್ಡು ಅನ್ನೂ ಪ್ರಶ್ನೆ.

ನನ್ನ ಪದ್ಧತಿ ಇಷ್ಟ. ಕಾರ್ಡ್ ನೋಡೂ ಮೊದಲ ಒಂದ ತಿಂಗಳ ಡೈರಿ ಬರೀರಿ. ನಾ ಬರದೆ, ನಮ್ಮನಿದು, ನಾಕ ಮಂದಿ ಮನಿ. ಕಿರಾಣಿ 6,000. ಪೆಟ್ರೋಲ್ 3,000. ಆನ್‌ಲೈನ್ ಖರೀದಿ 4,000, ಅದ್ರಾಗ ಮುಕ್ಕಾಲ ಪಾಲು ಮಗಳದು. ಹಾಲು, ಕಾಯಿಪಲ್ಯೆ 4,500. ಕರೆಂಟ್ ಬಿಲ್, ಮೊಬೈಲ್, ವೈಫೈ ಕೂಡಿ 2,500. ಒಟ್ಟ 20 ಸಾವಿರ. ಕಾರ್ಡ್ ಮಾರೂ ಹುಡುಗ ಬಂದ್ರ ಏನಂತಾನ, "ಸರ, ತಿಂಗಳಿಗೆ 20 ಸಾವಿರ ಖರ್ಚಿಗೆ 5 ಪರ್ಸೆಂಟ್, ವರ್ಷಕ್ಕ 12 ಸಾವಿರ ಉಳೀತೈತಿ ನೋಡ್ರಿ." ಲೆಕ್ಕ ತಪ್ಪಿಲ್ಲ, ಮನಿ ತಪ್ಪೈತಿ. ಹಾಲಿನಾಂವ ಕಾರ್ಡ್ ತಗೊಳ್ಳೂದಿಲ್ಲ. ಸಂತ್ಯಾಗ ಮೆಂತೆಪಲ್ಯೆ ಮಾರೂ ಅಜ್ಜಿ ತಗೊಳ್ಳೂದಿಲ್ಲ. ಕಿರಾಣಿ ಅಂಗಡ್ಯಾಗ ಮಷೀನ್ ಇಲ್ಲ, ಕ್ಯೂಆರ್ ಐತಿ. ಕರೆಂಟ್ ಬಿಲ್ಲು, ರೀಚಾರ್ಜು ಕಾರ್ಡಿನ್ಯಾಗ ಕಟ್ಟಬಹುದು, ಆದ್ರ ಎಷ್ಟೋ ಕಾರ್ಡಿನ್ಯಾಗ ಇಂಥ ಬಿಲ್ಲಿಗೆ ರಿವಾರ್ಡ್ ಇಲ್ಲ. ಹಂಗಾರ ಉಳದದ್ದು ಪೆಟ್ರೋಲು ಮತ್ತ ಆನ್‌ಲೈನು, 7 ಸಾವಿರ. ನಮ್ಮೂರಾಗ 20 ಸಾವಿರದ ಮನಿಯೊಳಗ ರಿವಾರ್ಡ್ ಹುಟ್ಟೂದು 7 ಸಾವಿರಕ್ಕ. ಬೆಂಗಳೂರಾಗ ಮಾಲ್‌ದಾಗ ಕಿರಾಣಿ ತರಾವ್ರಿಗೆ, ಆ್ಯಪ್‌ದಾಗ ಊಟ ತರಸಾವ್ರಿಗೆ ಮಾಡಿದ ಲೆಕ್ಕಾನ ತಂದು ನಮಗ ಹೇಳಿದ್ರ ಹೆಂಗ ಕೂಡಬೇಕು?

ಈಗ ಈ 7 ಸಾವಿರಕ್ಕ ಕಾರ್ಡ್ ಹುಡುಕೂಣು. ಆನ್‌ಲೈನ್ 4,000ಕ್ಕ ಎರಡ ದಾರಿ. ಒಂದು, ಫೀ ಇಲ್ಲದ ಅಮೆಜಾನ್ ಪೇ ಐಸಿಐಸಿಐ ಕಾರ್ಡು, ಅಮೆಜಾನ್‌ದಾಗ ಪ್ರೈಮ್ ಸದಸ್ಯತ್ವ ಇದ್ದವ್ರಿಗೆ 5, ಇಲ್ಲದವ್ರಿಗೆ 3, ಹೊರಗ 1 ಪರ್ಸೆಂಟ್. ಇನ್ನೊಂದು ಎಸ್‌ಬಿಐ ಕ್ಯಾಶ್‌ಬ್ಯಾಕ್ ಕಾರ್ಡು, ಯಾವ ಸೈಟ್ ಆದ್ರೂ ಆನ್‌ಲೈನಿಗೆ 5, ಅಂಗಡ್ಯಾಗ 1, ಆದ್ರ ಫೀ 999, ಜಿಎಸ್‌ಟಿ ಕೂಡಿ 1,179, ವರ್ಷಕ್ಕ 2 ಲಕ್ಷ ಖರ್ಚ ಮಾಡಿದ್ರ ಮುಂದಿನ ಫೀ ಮಾಫಿ. ನಾನು 2 ಲಕ್ಷ ಮುಟ್ಟೂದಿಲ್ಲ. ಆ 1,179 ತುಂಬಿ ಬರಾಕ ವರ್ಷಕ್ಕ 23,580 ರೂಪಾಯಿ ಆನ್‌ಲೈನ್ ಖರೀದಿ ಬೇಕು, ಅಂದ್ರ ತಿಂಗಳಿಗೆ ಸುಮಾರ 2 ಸಾವಿರ ಬರೇ ಫೀ ಗಳಸಾಕ. ನಂದು 4 ಸಾವಿರ, ವರ್ಷಕ್ಕ 2,400 ಬರ್ತೈತಿ, ಫೀ ಕಳದ್ರ 1,221. ಒಂದ ಸೈಟಿನ್ಯಾಗ ತರಾವ್ರಿಗೆ ಫೀ ಇಲ್ಲದ್ದು ಸಾಕು, ಹತ್ತ ಸೈಟ್ ತಿರಗಾವ್ರಿಗೆ ಇನ್ನೊಂದು. ನಮ್ಮ ಮಗಳು ಹತ್ತ ಸೈಟ್ ತಿರಗಾಕಿ, ಆದ್ರ ಕಡೀಕ ಒಂದರಾಗ ತರ್ತಾಳ, ಅದಕ್ಕ ಫೀ ಇಲ್ಲದ್ದು ಇಟಗೊಂಡೇನಿ.

ಪೆಟ್ರೋಲಿನ ಕಾರ್ಡು ಭಾಳ ಮಜಾ ಐತಿ, ಇದನ್ನೊಂದೀಟ ಬಿಡಿಸಿ ಹೇಳ್ತೇನಿ. ಭಾರತ್ ಪೆಟ್ರೋಲಿಯಂ ಪಂಪಿನ ಬಿಪಿಸಿಎಲ್ ಎಸ್‌ಬಿಐ ಕಾರ್ಡು, ಫೀ 499, ಜಿಎಸ್‌ಟಿ ಕೂಡಿ 589. ಜಾಹೀರಾತಿನ್ಯಾಗ 4.25 ಪರ್ಸೆಂಟ್ ವಾಪಸ್ ಅಂತ ಐತಿ. ಒಳಗ ನೋಡಿದ್ರ 100 ರೂಪಾಯಿಗೆ 13 ಪಾಯಿಂಟು, 4 ಪಾಯಿಂಟಿಗೆ ಒಂದ ರೂಪಾಯಿ, ಅಂದ್ರ 3.25. ಉಳದ ಒಂದ ಪರ್ಸೆಂಟು ಎಲ್ಲಿಂದ ಬಂತು? ಅದು ಸರ್‌ಚಾರ್ಜ್ ಮಾಫಿ. ಪಂಪಿನ್ಯಾಗ ಕ್ರೆಡಿಟ್ ಕಾರ್ಡ್ ಉಜ್ಜಿದ್ರ ಒಂದ ಪರ್ಸೆಂಟ್ ಸರ್‌ಚಾರ್ಜ್ ಬೀಳ್ತೈತಿ, ಅದನ್ನ ವಾಪಸ್ ಕೊಡ್ತಾರ. ಅಲ್ರಿ, ನಾ ಕ್ಯಾಶ್ ಕೊಟ್ಟಿದ್ರ ಆ ಸರ್‌ಚಾರ್ಜ್ ಬೀಳತಿರಲೇ ಇಲ್ಲ! ನನ್ನ ಕಾಲ ತುಳದು ಕಾಲ ತಗದಾಂವ ಉಪಕಾರ ಮಾಡಿದ್ನಿ ಅಂದಂಗ ಆತು. ಅದ್ರಾಗೂ ಸರ್‌ಚಾರ್ಜಿನ ಮ್ಯಾಲಿನ ಜಿಎಸ್‌ಟಿ ವಾಪಸ್ ಬರೂದಿಲ್ಲ, ಸಾವಿರ ರೂಪಾಯಿ ಪೆಟ್ರೋಲಿಗೆ ಒಂದ ರೂಪಾಯಿ 80 ಪೈಸೆ ಹೋಗೇಬಿಡ್ತೈತಿ. ಆ ಪೈಸೆ ಲೆಕ್ಕಕ್ಕ ಹಿಡೀಲಿಲ್ಲಾಂದ್ರೂ ಖರೇ ಲೆಕ್ಕ 3.25 ಅಷ್ಟ. ವರ್ಷಕ್ಕ 36 ಸಾವಿರ ಪೆಟ್ರೋಲಿಗೆ 1,170, ಫೀ ಕಳದ್ರ 581. ವರ್ಷಕ್ಕ 50 ಸಾವಿರ ಅದ ಕಾರ್ಡಿನ್ಯಾಗ ಖರ್ಚ ಮಾಡಿದ್ರ ಫೀ ಮಾಫಿ. ದಿನಾ ಮುಧೋಳ, ಜಮಖಂಡಿ, ಬೀಳಗಿ ಅಂತ ಬೈಕ್ ಮ್ಯಾಲ ತಿರಗೂ ಮೆಡಿಕಲ್ ರೆಪ್‌ಗೋಳಿಗೆ ಇದು ಛಲೋ. ನವನಗರದಿಂದ ವಿದ್ಯಾಗಿರಿಗೆ ಸ್ಕೂಟಿ ಹೊಡ್ಯಾವ್ರಿಗೆ ಏನೂ ಇಲ್ಲ. ಮತ್ತ ಇನ್ನೊಂದು, ನಿಮ್ಮ ದಾರ್ಯಾಗ ಆ ಕಂಪನಿ ಪಂಪ್ ಇರಬೇಕು, 3 ಪರ್ಸೆಂಟ್ ಉಳಸಾಕ 6 ಕಿಲೋಮೀಟರ್ ಸುತ್ತ ಹೊಡದ್ರ ಉಳದದ್ದು ಸೈಲೆನ್ಸರ್‌ದಾಗ ಹೋಗ್ತೈತಿ.

ಪಾಯಿಂಟ್ ಲೆಕ್ಕದಾಗ ಮಂದಿ ಭಾಳ ಮೋಸ ಹೋಗ್ತಾರ, ಹಂಗಂತ ಇದು ಕಠಿಣ ಲೆಕ್ಕಾನೂ ಅಲ್ಲ. "150 ರೂಪಾಯಿಗೆ 4 ಪಾಯಿಂಟ್" ಅಂದ್ರ ಮೊದಲ ಕೇಳೂದು, ಪಾಯಿಂಟಿಗೆ ಎಷ್ಟ ಪೈಸೆ? 50 ಪೈಸೆ ಆದ್ರ 150ಕ್ಕ 2 ರೂಪಾಯಿ, 1.33 ಪರ್ಸೆಂಟ್. 20 ಪೈಸೆ ಆದ್ರ 80 ಪೈಸೆ, ಅರ್ಧ ಪರ್ಸೆಂಟ್ ಅಷ್ಟ. ಒಂದ ಕಾರ್ಡಿನ್ಯಾಗನ ವಿಮಾನ ಹೋಟೆಲ್ ಬುಕ್ ಮಾಡಿದ್ರ ಒಂದ ರೇಟು, ಬಿಲ್ಲಿನ್ಯಾಗ ಮುರಕೊಂಡ್ರ ಅದ್ರಕಿಂತ ಕಮ್ಮಿ ರೇಟು ಇರ್ತೈತಿ. ಮತ್ತ 150ರ ಲೆಕ್ಕ ಅಂದ್ರ 149 ರೂಪಾಯಿಗೆ ಸೊನ್ನಿ, 290 ರೂಪಾಯಿಗೂ ನಾಕ. ಕೆಲವೊಂದ ಬ್ಯಾಂಕು ಪಾಯಿಂಟ್ ಬಳಸಾಕ ಹೋದ್ರ 99 ರೂಪಾಯಿ ಫೀ, ಮ್ಯಾಲ ಜಿಎಸ್‌ಟಿ ಹಾಕ್ತಾವ. ನನ್ನ ಗೆಳೆಯಾ ಒಬ್ಬ ಎರಡ ವರ್ಷ ಕೂಡಿಟ್ಟ, ಒಂದ ಮಿಕ್ಸರ್ ತಗೊಳ್ಳೂ ಆಸೆಕ್ಕ, ಕಡೀಕ ಪಾಯಿಂಟಿನ ತಾರೀಖ ಮುಗದು ಎಲ್ಲಾ ಹೋದ್ವು. ಅಂವ ಆ ಮಿಕ್ಸರ್ ವಿಷಯ ತಗದ್ರ ಇವತ್ತಿಗೂ ಸಿಟ್ಟಾಗ್ತಾನ. ನನ್ನ ಕೇಳಿದ್ರ ನಮ್ಮಂಥವ್ರಿಗೆ ಪಾಯಿಂಟಿಗಿಂತ ಸೀದಾ ಬಿಲ್ಲಿನ್ಯಾಗ ಮುರಿಯೂ ಕ್ಯಾಶ್‌ಬ್ಯಾಕ್ ಛಲೋ.

ನಮ್ಮ ಕಡೆ ಖರೇ ಉಪಯೋಗದ್ದು ಅಂದ್ರ ರುಪೇ ಅನ್ನೂ ನಮ್ಮ ದೇಶದ ಜಾಲದ ಕ್ರೆಡಿಟ್ ಕಾರ್ಡು. 2022ರಾಗ ಇದನ್ನ ಯುಪಿಐಗೆ ಜೋಡಸಾಕ ರಿಸರ್ವ್ ಬ್ಯಾಂಕ್ ಅನುಮತಿ ಕೊಡ್ತು. ಅಂದ್ರ ಫೋನ್‌ದಾಗ ಅದ ಆ್ಯಪು, ಅದ ಕ್ಯೂಆರು, ಸ್ಕ್ಯಾನ್ ಮಾಡಿ ಬ್ಯಾಂಕ್ ಖಾತೆ ಬದಲಿ ಕಾರ್ಡ್ ಆರಿಸಿದ್ರ ಆತು, ಮಷೀನ್ ಬೇಕಾಗಿಲ್ಲ. ನನ್ನ ಕಿರಾಣಿ 6,000 ಇದ್ರಾಗ ಬಂತು, ಒಂದ ಪರ್ಸೆಂಟ್ ಹಿಡದ್ರೂ ವರ್ಷಕ್ಕ 720. ಆದ್ರ ಅಂಗಡಿಯವನ ಕ್ಯೂಆರ್ ವ್ಯಾಪಾರದ ಖಾತೇದ್ದ ಇರಬೇಕು. ಸಂತ್ಯಾಗಿನ ಅಜ್ಜಿ ಮಗನ ಸ್ವಂತ ನಂಬರಿನ ಕ್ಯೂಆರ್ ಅಂಟಿಸಿಕೊಂಡ ಕುಂತಿರ್ತಾಳ, ಅದಕ್ಕ ಕಾರ್ಡ್ ಹತ್ತೂದಿಲ್ಲ, ಯಾಕಂದ್ರ ಮನಷ್ಯಾರಿಂದ ಮನಷ್ಯಾರಿಗೆ ಕ್ರೆಡಿಟ್ ಕಾರ್ಡಿಂದ ರೊಕ್ಕ ಕಳಸೂ ಹಂಗಿಲ್ಲ. ಸಣ್ಣ ಅಂಗಡಿಕಾರರಿಗೆ 2,000 ರೂಪಾಯಿ ತನಾ ಇದಕ್ಕ ಎಮ್‌ಡಿಆರ್ ಇಲ್ಲ, ಅದಕ್ಕ ಇಳಕಲ್ಲಿನ ಅಂಗಡ್ಯಾಂವನಂಗ ಮಾರಿ ಸಣ್ಣದ ಮಾಡೂದಿಲ್ಲ. ಒಂದ ಅಪಾಯ ಹೇಳ್ಬೇಕು. ಯುಪಿಐ ಅಂದ್ರ ಖಾತ್ಯಾಗಿನ ರೊಕ್ಕ ಅಂತ ನಮ್ಮ ಕೈಗೆ ರೂಢಿ ಆಗೈತಿ. ಇಲ್ಲಿ ಖಾತಿ ಕಮ್ಮಿ ಆಗೂದಿಲ್ಲ, ಉದ್ರಿ ಬೆಳೀತೈತಿ. ಮೊದಲನೇ ತಿಂಗಳ ನಾನ ಚಾ ಅಂಗಡ್ಯಾಗ, ಪಾನ್ ಅಂಗಡ್ಯಾಗ ಎಲ್ಲಾ ಅದ್ರಲೆ ಹೊಡದು, ಬಿಲ್ ನೋಡಿ ಕುರ್ಚಿ ಹಿಡಕೊಂಡಿದ್ದೆ.

ಕೂಡಸ್ರಿ ಈಗ. ಆನ್‌ಲೈನ್ 5 ಪರ್ಸೆಂಟ್ ಹಿಡದು 2,400, ಪೆಟ್ರೋಲ್ 1,170, ಕಿರಾಣಿ 720, ಒಟ್ಟ 4,290, ಪೆಟ್ರೋಲ್ ಕಾರ್ಡಿನ ಫೀ 589 ಕಳದ್ರ 3,701. ಹುಡುಗ ಹೇಳಿದ್ದು 12 ಸಾವಿರ. ಅದೂ ಮೂರ ಕಾರ್ಡು, ಮೂರ ಬಿಲ್ ತಾರೀಖು, ಮೂರ ಪಾಸ್‌ವರ್ಡು. ನಾ ಪೆಟ್ರೋಲಿಂದು ಬಿಟ್ಟು ಎರಡಕ್ಕ ಇಳದೇನಿ, 581ರ ಸಲುವಾಗಿ ಇನ್ನೊಂದ ತಾರೀಖ ನೆನಪಿಡೂ ವಯಸ್ಸಲ್ಲ ನಂದು.

ಇನ್ನ ಪ್ರವಾಸ. ಇದ್ರಾಗ ನಾನ ಪೆಟ್ಟ ತಿಂದಾಂವ. ಲೌಂಜ್, ಅಂದ್ರ ವಿಮಾನ ನಿಲ್ದಾಣದಾಗ ಕುಂತ ಉಣ್ಣೂ ಖೋಲಿ, ಫ್ರೀ ಅಂತ ಒಂದ ಬ್ಯಾಂಕಿನ ಕಾರ್ಡ್ ತಗೊಂಡಿದ್ದೆ, ಯಾವ ಬ್ಯಾಂಕು ಅಂತ ಕೇಳಬ್ಯಾಡ್ರಿ, ಫೀ ಜಿಎಸ್‌ಟಿ ಕೂಡಿ 2,950. ಅವ್ವನ್ನ, ಮನ್ಯಾಕಿನ್ನ ಕರಕೊಂಡ ಕಾಶಿಗೆ ಹೊಂಟಿದ್ವಿ, ಬೆಂಗಳೂರಿಂದ ವಿಮಾನ. ಹಾದಿ ತುಂಬ ಅವ್ವಗ ಹೇಳ್ಕೋತ ಹೋಗೇನಿ, "ಯವ್ವಾ, ಅಲ್ಲಿ ಎರಡ ರೂಪಾಯಿ ಉಜ್ಜಿದ್ರ ಹೊಟ್ಟಿ ತುಂಬ ಊಟ, ಮೆತ್ತನ ಕುರ್ಚಿ." ಬಾಗಲದಾಗ ಹುಡಗಿ ಕಾರ್ಡ್ ಉಜ್ಜಿ, "ಸಾರಿ ಸರ್, ಆಗ್ತಿಲ್ಲ" ಅಂದ್ಲು. ಯಾಕ ಅಂದ್ರ ಹಿಂದಿನ ಮೂರ ತಿಂಗಳದಾಗ ಇಂತಿಷ್ಟ ಸಾವಿರ ಆ ಕಾರ್ಡಿನ್ಯಾಗ ಖರ್ಚ ಮಾಡಿದ್ರಷ್ಟ ಒಳಗ ಬಿಡ್ತಾರಂತ, ನಂದು ಆಗಿರಲಿಲ್ಲ. ನಿಯಮ ನಡುವ ಬದಲಾಗಿತ್ತು, ಇಮೇಲ್ ಬಂದಿತ್ತು, ಯಾರ ಓದ್ತಾರ ಅದನ್ನ? ಮತ್ತ ಆಗಿದ್ರೂ ಕಾರ್ಡ್ ಇದ್ದಾಂವ ಒಬ್ಬಗಷ್ಟ ಪ್ರವೇಶ, ಜೋಡಿ ಬಂದವ್ರಿಗೆ ಪೂರ್ತಿ ರೊಕ್ಕ. ಅಂದ್ರ ನಾ ಒಳಗ ಕುಂತ ಉಣ್ಣೂದು, ಅವ್ವ ಹೊರಗ ಕುಂತ ನೋಡೂದು ಇತ್ತೇನೋ! ನಮ್ಮವ್ವ ಏನೂ ಅನ್ನಲಿಲ್ಲ, ಚೀಲ ಬಿಚ್ಚಿ ಕಟಕ ರೊಟ್ಟಿ, ಶೇಂಗಾ ಚಟ್ನಿ ತಗದ್ಲು. ಎದುರಿಗೆ ಕುಂತ ಸೂಟಿನಾಂವ ಒಬ್ಬ ನಮ್ಮ ಚಟ್ನಿ ಕಡೆನ ನೋಡಾಕತ್ತಿದ್ದ, ಅಂವಗೂ ಒಂದ ರೊಟ್ಟಿ ಕೊಟ್ಲು.

ಬಾಗಲಕೋಟ್ಯಾಗ ಇದ್ದವ್ರಿಗೆ ವಿಮಾನ ಅಂದ್ರ ಹುಬ್ಬಳ್ಳಿಗೆ ಹೋಗ್ಬೇಕು, ಇಲ್ಲಾ ಬೆಳಗಾವಿ ಸಾಂಬ್ರಾಕ್ಕ. ವರ್ಷಕ್ಕ ಒಮ್ಮೆ ಹತ್ತಾವ್ರಿಗೆ ಲೌಂಜು, ಮೈಲ್ಸು ಅನ್ನೂ ವಿಮಾನದ ಪಾಯಿಂಟು ಅಂತ ಸಾವಿರಗಟ್ಟಲೆ ಫೀ ಕೊಡೂದು ಹೊಲಾ ಇಲ್ಲದಾಂವ ಟ್ರ್ಯಾಕ್ಟರ್ ತಂದಂಗ. ನಾವು ಹೋಗೂದು ಗೋಲಗುಂಬಜ್ ಎಕ್ಸ್‌ಪ್ರೆಸ್‌ದಾಗ, ಬೆಳಗಾವಿಯವ್ರು ರಾಣಿ ಚೆನ್ನಮ್ಮದಾಗ, ಈಗೀಗ ವಂದೇ ಭಾರತ್‌ದಾಗ. ಅದಕ್ಕ ಐಆರ್‌ಸಿಟಿಸಿ ಎಸ್‌ಬಿಐ ಕಾರ್ಡ್ ನೋಡಬಹುದು, ಮೊದಲ ವರ್ಷದ ಫೀ 500, ಜಿಎಸ್‌ಟಿ ಕೂಡಿ 590, ಎಸಿ ಟಿಕೆಟ್ ಐಆರ್‌ಸಿಟಿಸಿ ಸೈಟಿನ್ಯಾಗ ತಗದ್ರ 10 ಪರ್ಸೆಂಟ್ ತನಾ ಪಾಯಿಂಟು, ಒಂದ ಪರ್ಸೆಂಟ್ ಟ್ರಾನ್ಸಾಕ್ಷನ್ ಚಾರ್ಜೂ ಮಾಫಿ. ನಾಕ ಮಂದಿ ವರ್ಷಕ್ಕ ಎರಡ ಸಲ ಥರ್ಡ್ ಎಸಿಯೊಳಗ ಬೆಂಗಳೂರಿಗೆ ಹೋಗಿ ಬಂದ್ರ 16 ಟಿಕೆಟು, ಒಂದಕ್ಕ ಸಾವಿರ ಅಂತ ಹಿಡದ್ರ 1,600 ಪಾಯಿಂಟ್ ರೂಪಾಯಿ, ಫೀ ಕಳದು ಸಾವಿರ ಉಳೀತು. ಆದ್ರ ಆ ಪಾಯಿಂಟು ಮತ್ತ ರೈಲಿನ ಟಿಕೆಟ್ಟಿಗೇ ಹಚ್ಚಬೇಕು, ಮತ್ತ ಸ್ಲೀಪರ್‌ದಾಗ ಹೋಗಾವ್ರಿಗೆ ಈ 10 ಪರ್ಸೆಂಟ್ ಇಲ್ಲ. ಸ್ಲೀಪರ್‌ದಾಗ ಹೋಗಾವ್ರು ಹೆಚ್ಚು, ಬಿಡ್ರಿ. ನಮ್ಮ ಮನ್ಯಾಕಿ ಅಂತೂ ತವರಮನಿಗೆ ಕೆಂಪ ಬಸ್ಸಿನ್ಯಾಗ ಆಧಾರ್ ಕಾರ್ಡ್ ತೋರಿಸಿ ಹೋಗಿ ಬರ್ತಾಳ, ಆ ಕಾರ್ಡಿನಕಿಂತ ದೊಡ್ಡ ಟ್ರಾವೆಲ್ ಕಾರ್ಡ್ ಯಾವ ಬ್ಯಾಂಕೂ ಕೊಟ್ಟಿಲ್ಲ.

ವಿಜಯಪುರದಿಂದ ಬಂದ ಒಬ್ರು ಅಣ್ಣಾರು ಕೇಳಿದ್ರು, ಉಮ್ರಾಕ್ಕ ಹೊಂಟೇವಿ, ಅಲ್ಲಿ ನಮ್ಮ ಕಾರ್ಡ್ ನಡೀತೈತೇನ್ರಿ ಅಂತ. ನಡೀತೈತಿ, ಆದ್ರ ನೋಡ್ಕೊಂಡ. ಸಾದಾ ಕಾರ್ಡಿನ್ಯಾಗ ಪರದೇಶದ ಖರ್ಚಿಗೆ ಮೂರೂವರಿ ಪರ್ಸೆಂಟ್ ಫಾರೆಕ್ಸ್ ಮಾರ್ಕಪ್ ಅಂತ ಹಾಕ್ತಾರ, ಜಿಎಸ್‌ಟಿ ಕೂಡಿ 4.13. ಒಂದ ಲಕ್ಷಕ್ಕ 4,130. ಮಾರ್ಕಪ್ ಇಲ್ಲದ ಕಾರ್ಡೂ ಅದಾವ, ಪರದೇಶಕ್ಕ ಹೋಗಾವ್ರು ರಿವಾರ್ಡ್ ಎಲ್ಲಾ ಬಿಟ್ಟು ಇದೊಂದ ಕೇಳ್ರಿ. ಮತ್ತ ಅಲ್ಲಿ ಮಷೀನ್‌ದಾಗ "ರೂಪಾಯಿನೋ ರಿಯಾಲೋ" ಅಂತ ಕೇಳ್ತೈತಿ, ನಮ್ಮ ಮಂದಿ ರೂಪಾಯಿ ನೋಡಿ ಸಂತೋಷಕ್ಕ ಅದನ್ನ ಒತ್ತತಾರ. ಒತ್ತಬ್ಯಾಡ್ರಿ, ರಿಯಾಲ್ ಒತ್ರಿ, ರೂಪಾಯಿ ಒತ್ತಿದ್ರ ಅಲ್ಲಿಯವ್ರು ತಮ್ಮ ರೇಟ್ ಹಾಕ್ತಾರ.

ಒಂದ ಹುಡುಗ ಕೇಳಿದ, ಬ್ಯಾಡಾದ ಕಾರ್ಡ್ ಬಂದ್ ಮಾಡೂದ ಹೆಂಗ ಅಂತ. ಇದು ನನಗೂ ಆಗೈತಿ. ಹುಬ್ಬಳ್ಳಿ ಒಂದ ಮಾಲ್‌ದಾಗ ಟೇಬಲ್ ಹಾಕ್ಕೊಂಡ ಕುಂತ ಹುಡುಗ "ಲೈಫ್‌ಟೈಮ್ ಫ್ರೀ" ಅಂತ ಹೇಳಿ, ಟ್ರಾಲಿ ಬ್ಯಾಗ್ ಕೊಟ್ಟು ಸಹಿ ಮಾಡಿಸಿಕೊಂಡ. ಎರಡನೇ ವರ್ಷ 1,179 ಫೀ ಬಂತು. ಫ್ರೀ ಇದ್ದದ್ದು ಒಂದ ವರ್ಷದ್ದು. ನಾ ಆ ಕಾರ್ಡ್ ಬಳಸತಿರಲಿಲ್ಲ, ಸ್ಟೇಟ್ಮೆಂಟ್ ನೋಡಲಿಲ್ಲ, ಲೇಟ್ ಫೀ ಬಿತ್ತು, ಬಡ್ಡಿ ಬಿತ್ತು, ಸಾಲ ತೀರಸಾವ್ರಿಗೆ ಹಾಕೂ ಮಾರ್ಕು, ಸಿಬಿಲ್ ಸ್ಕೋರ್, ಇಳೀತು. ಟ್ರಾಲಿ ಬ್ಯಾಗಿನ ಗಾಲಿ ಅದಕಿಂತ ಮೊದಲ ಮುರದಿತ್ತು. 2022ರ ರಿಸರ್ವ್ ಬ್ಯಾಂಕ್ ನಿಯಮದಾಗ ಏನೈತಿ ಅಂದ್ರ, ಬಾಕಿ ಪೂರ್ತಿ ಕಟ್ಟಿ ಬಂದ್ ಮಾಡ್ರಿ ಅಂತ ಕೇಳಿದ್ರ 7 ಕೆಲಸದ ದಿನದಾಗ ಬಂದ್ ಮಾಡ್ಬೇಕು, ತಡಾ ಮಾಡಿದ್ರ ದಿನಕ್ಕ 500 ರೂಪಾಯಿಲೆ ಬ್ಯಾಂಕ್ ನಿಮಗ ಕೊಡ್ಬೇಕು. ಇಮೇಲ್‌ದಾಗ ಕೇಳ್ರಿ, ಫೋನ್‌ದಾಗ ಕೇಳಿದ್ರ ಅವ್ರು ಇನ್ನೊಂದ ಕಾರ್ಡ್ ಮಾರ್ತಾರ. ಅರ್ಜಿ ಜೋಡಿ ಫೀ, ಬಡ್ಡಿ ಎಲ್ಲಾ ಬರದ ಒಂದ ಪುಟದ ಕೀ ಫ್ಯಾಕ್ಟ್ ಸ್ಟೇಟ್ಮೆಂಟ್ ಕೊಡ್ಬೇಕಂತಾನೂ ಅದ ನಿಯಮದಾಗ ಐತಿ, ಸಹಿ ಮಾಡೂ ಮೊದಲ ಅದನ್ನ ಕೇಳಿ ಇಸಗೋರಿ, ಬ್ಯಾಗ್ ಆಮ್ಯಾಲ. ನಾ ಇವತ್ತ ಹೇಳಿದ ರೇಟುಗಳೂ ಬ್ಯಾಂಕಿನವ್ರು ಮನಸ್ಸ ಬಂದಾಗ ಬದಲ ಮಾಡ್ತಾರ, ಆ ಕಾಗದ ನೋಡೇ ಲೆಕ್ಕ ಹಾಕ್ರಿ.

ಸ್ವಸಹಾಯ ಸಂಘದ ಅಕ್ಕಾರೊಬ್ರು ಕೇಳಿದ್ರು, "ಸರ, ನಮಗ ಪಗಾರ ಚೀಟಿ ಇಲ್ಲ, ನಮಗ್ಯಾರ ಕಾರ್ಡ್ ಕೊಡ್ತಾರ?" ಅಕ್ಕಾರ, ಎಫ್‌ಡಿ ಇಟ್ಟು ಅದ್ರ ಮ್ಯಾಲ ಕಾರ್ಡ್ ತಗೋಬಹುದು, ಎಫ್‌ಡಿ ಬಡ್ಡಿ ನಿಮಗ ಬರ್ತಿರ್ತೈತಿ, ಕಾರ್ಡಿನ ಮಿತಿ ಆ ಎಫ್‌ಡಿಗೆ ತಕ್ಕಂಗ ಇರ್ತೈತಿ. ಎರಡ ವರ್ಷ ಸರಿಯಾಗಿ ಕಟ್ಟಿದ್ರ ಸಿಬಿಲ್ ಛಲೋ ಆಗಿ ನಾಳೆ ಮನಿ ಸಾಲಕ್ಕ ಅನುಕೂಲ. ಆದ್ರ ಮಿತಿ 20 ಸಾವಿರ ಇದ್ರ 6 ಸಾವಿರದ ಮ್ಯಾಲ ಬಳಸಬ್ಯಾಡ್ರಿ, ಮಿತಿ ತುಂಬ ಬಳಸಾವ್ರನ್ನ ಸಾಲಕ್ಕ ಹಸದವ್ರು ಅಂತ ತಿಳೀತಾರ. ಆಕಿ ಗೆಳತಿ ಬಂಗಾರದ ವಿಷಯ ಕೇಳಿದ್ಲು. ಭಾಳ ಕಾರ್ಡಿನ್ಯಾಗ ಬಂಗಾರಕ್ಕ ರಿವಾರ್ಡ್ ಇಲ್ಲ ಅಂದೆ, ವಿಷಯ ಅಲ್ಲಿಗೇ ಮುಗೀತು.

ಕಡೀಕ ಮುಧೋಳದ ಕಾಕಾ. "ನಾ ಗೊಬ್ಬರಾ ಬೀಜಾ ಈ ನಿಮ್ಮ ಕಾರ್ಡಿನ್ಯಾಗ ತಂದು ಕಬ್ಬಿನ ಬಿಲ್ ಬಂದಾಗ ಕಟ್ಟಿದ್ರ ನಡೀತೈತೇನು?" ಅಂದ್ರು. ಕಾರ್ಡಿನ್ಯಾಗ ಬಡ್ಡಿ ಇಲ್ಲದ್ದು ಭಾಳ ಅಂದ್ರ 45-50 ದಿನ ಕಾಕಾ, ಅದೂ ಬಿಲ್ ತಾರೀಖಿನ ಮರುದಿನ ಖರೀದಿ ಮಾಡಿದ್ರ. ಕಬ್ಬ ಒಯ್ದ 14 ದಿನದಾಗ ರೊಕ್ಕ ಕೊಡ್ಬೇಕಂತ ಕಾಯ್ದೆ ಐತಿ, ಆದ್ರ ಕಬ್ಬಿಗೆ ಗೊಬ್ಬರಾ ಹಾಕಿ ಫ್ಯಾಕ್ಟರಿಗೆ ಒಯ್ಯೂದ್ರಾಗ ವರ್ಷ ಹೋಗ್ತೈತಿ. ಪಗಾರದವ್ರ ರೊಕ್ಕ ತಿಂಗಳಿಗೊಮ್ಮೆ, ಬಿಲ್ಲೂ ತಿಂಗಳಿಗೊಮ್ಮೆ, ಅವ್ರಿಗೆ ಹೊಂದ್ತೈತಿ. ನಿಮ್ಮ ರೊಕ್ಕ ವರ್ಷಕ್ಕೊಮ್ಮೆ, ಬಿಲ್ ತಿಂಗಳಾ. ನಿಮ್ಮ ಕಿಸಾನ್ ಕಾರ್ಡಿಗೆ ಬಡ್ಡಿ ಎಷ್ಟೈತಿ ಅಂತ ಕೇಳಿದೆ. "ವ್ಯಾಳ್ಯಾಕ್ಕ ಕಟ್ಟಿದ್ರ ನಾಕ" ಅಂದ್ರು.

"ತಿಂಗಳಿಗೇನ್ರಿ?" ಅಂದ್ಲು ಮುಂದಿನ ಸಾಲಿನ ಹುಡಗಿ.

"ಏ, ವರ್ಷಕ್ಕವಾ!" ಅಂದ್ರು ಕಾಕಾ. ಎಲ್ಲಾರೂ ಹಿಂದಕ್ಕ ಹೊಳ್ಳಿ ನೋಡಿದ್ರು. ಕಾಕಾ ಕಿಸೇದಾಗಿನ ಕಾರ್ಡ್ ತಗದು ಪಕ್ಕದಾಂವಗ ತೋರಸಾಕತ್ರು, ಅಷ್ಟೊತ್ತಿಗೆ ಚಾ ಬಂತು.